ಬಗ್ಗದ ಬೂಟು

ಹದಿನೇಳು ವರ್ಷ ಬಿಡದೆ ಅರ್ಜಿ ಹಾಕಿದವನು ನಾನು. ಲಾಟರಿ ಎದ್ದದ್ದು ನನ್ನ ಹೆಂಡತಿಯ ಹೆಸರಿಗೆ.

ನಮ್ಮ ಮೊಂಟಾನಾದಲ್ಲಿ ಬೆಟ್ಟದ ಬಿಳಿ ಹೋತವನ್ನು ಬೇಟೆಯಾಡಬೇಕಾದರೆ ಪರ್ಮಿಟ್ ಬೇಕು, ಆ ಪರ್ಮಿಟ್ ಸಿಗುವುದು ಲಾಟರಿಯಲ್ಲಿ. ಅರ್ಜಿ ಹಾಕುತ್ತ ಹಾಕುತ್ತಲೇ ಹಲ್ಲು ಉದುರಿಸಿಕೊಂಡವರು ನಮ್ಮ ಕಣಿವೆಯಲ್ಲೇ ಇದ್ದಾರೆ. ನನ್ನ ಹೆಸರೊಂದೇ ಹೋದರೆ ಅದೃಷ್ಟದ ಕಣ್ಣಿಗೆ ಬೀಳುವುದಿಲ್ಲವೇನೋ ಎಂದು ಈ ವರ್ಷ ಜೊತೆಗಿರಲಿ ಅಂತ ಮಾರ್ಲಿಸಳ ಹೆಸರನ್ನೂ ಸೇರಿಸಿದೆ. ಅದೃಷ್ಟ ಬಂತು, ನಮ್ಮ ಮನೆಯ ಬಾಗಿಲನ್ನೇ ತಟ್ಟಿತು, ಆದರೆ ಯಜಮಾನಿ ಇದ್ದಾರಾ ಎಂದು ಕೇಳಿತು.

"ಎಲ್ಡನ್, ಇಲ್ಲಿ ನೋಡು. ನಂಗೆ ಹೋತ ಬಂದಿದ್ಯಂತೆ," ಎಂದಳು ಮಾರ್ಲಿಸ್, ಆಲೂಗಡ್ಡೆ ತುರಿಯುತ್ತ.

"ನಿಂಗಾ? ನೀನು ಹೋಗ್ತೀಯಾ?"

"ಹೋಗ್ದೆ? ಫ್ರೇಮ್ ಹಾಕ್ಸಿ ಗೋಡೆಗೆ ತೂಗ್ಲಾ? ನಮ್ಮಪ್ಪ ನಂಗೆ ಜಿಂಕೆ ಹೊಡೆಯೋದು ಕಲ್ಸಿದಾಗ ನೀನಿನ್ನೂ ಊರಲ್ಲಿ ಬೀದಿದೀಪಕ್ಕೆ ಕಲ್ಲು ಹೊಡೀತಿದ್ದೆ."

ಮಾರ್ಲಿಸ್ ಶಾಲೆಯ ಅಡುಗೆಮನೆಯಲ್ಲಿ ಊರಿನ ಮಕ್ಕಳಿಗೆಲ್ಲ ಊಟ ಬಡಿಸುವವಳು. ಸೌಟು ಹಿಡಿದು ನಿಂತರೆ ಪುಂಡ ಹುಡುಗರೂ ಸಾಲಿನಲ್ಲಿ ನಿಲ್ಲುತ್ತಾರೆ. ನಾನು ಚಳಿಗಾಲದಲ್ಲಿ ಕೌಂಟಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತೇನೆ. ಯಾವ ಸಾಲಿನಲ್ಲಿ ನಿಲ್ಲಬೇಕೆಂದು ನನಗೂ ಗೊತ್ತು. ಆದ್ದರಿಂದ ಪರ್ಮಿಟ್ಟಿನ ವಿಷಯದಲ್ಲಿ ಹೆಚ್ಚು ಮಾತು ಬೆಳೆಸಲಿಲ್ಲ. ಕೋವಿ ಅವಳದಾಗಲಿ, ಗುರಿ ಅವಳದಾಗಲಿ. ಆದರೆ ಈ ಬೇಟೆಯ ಆಧಾರಸ್ತಂಭ ನಾನಾಗುತ್ತೇನೆ ಎಂದು ಅಂದೇ ನಿರ್ಧರಿಸಿದೆ. ಸ್ತಂಭ ಅಂದಮೇಲೆ ಬುಡ ಗಟ್ಟಿ ಇರಬೇಕು. ಬುಡ ಅಂದರೆ ಬೂಟು.

ಈ ಜ್ಞಾನೋದಯ ನನಗೆ ಹಿಂದಿನ ವರ್ಷ ಎಲ್ಕ್ ಎಂಬ ದೊಡ್ಡ ಕಡವೆಯ ಬೇಟೆಯಲ್ಲಿ ಆಗಿತ್ತು. ಆಗ ನನ್ನ ಕಾಲಲ್ಲಿದ್ದದ್ದು ಹತ್ತಿಯಂಥ ಮೆತ್ತನೆ ಬೂಟು. ಬೆಟ್ಟದ ಪಕ್ಕೆಯಲ್ಲಿ ಅಡ್ಡಡ್ಡ ನಡೆಯುವಾಗ ಅದು ಪಾದದ ಕೆಳಗೇ ಹೊರಳಿಕೊಂಡಿತು, ನಾನು ಒದ್ದೆ ಹುಲ್ಲಿನ ಮೇಲೆ ಕುಳಿತ ಭಂಗಿಯಲ್ಲೇ ಕಣಿವೆಯ ಕಡೆಗೆ ಪ್ರಯಾಣ ಬೆಳೆಸಿದೆ. ಬೆನ್ನ ಮೇಲೆ ಮಾಂಸದ ಹೊರೆ ಬಿದ್ದಮೇಲಂತೂ ಅಂಗಾಲು ದಾರಿಯ ಒಂದೊಂದು ಕಲ್ಲನ್ನೂ ಹೆಸರು ಹಿಡಿದು ಮಾತಾಡಿಸಿತು. ಇನ್ನು ಮುಂದೆ ಮೆತ್ತನೆಯದಕ್ಕೂ ನನಗೂ ಋಣ ತೀರಿತು ಎಂದುಕೊಂಡೆ.

ಶನಿವಾರ ಇಬ್ಬರೂ ಮಿಸೂಲಾದ ಬೂಟಂಗಡಿಗೆ ಹೋದೆವು. ಅಲ್ಲೊಬ್ಬ ಗಡ್ಡಧಾರಿ ಮಾರಾಟಗಾರ ನಗುತ್ತ ಬಂದ. ನಾನು ಏನು ಹೇಳಿದರೂ "ಪರ್ಫೆಕ್ಟ್ ಸಾರ್" ಎನ್ನುವ ಸಜ್ಜನ.

"ನಂಗೆ ಬಗ್ಗಬಾರದು," ಎಂದೆ.

"ಪರ್ಫೆಕ್ಟ್ ಸಾರ್. ಇದು ನೋಡಿ. ಹಿಮಗೋಡೆ ಹತ್ತೋರು ಹಾಕೋದು."

ತೊಗಲೋ ತಗಡೋ ತಿಳಿಯದಂಥ ಬೂಟು. ಎರಡೂ ಕೈಯಲ್ಲಿ ಹಿಡಿದು, ಮಂಡಿಗೆ ಒತ್ತಿ, ಹಲ್ಲು ಕಚ್ಚಿ ಬಗ್ಗಿಸಿದೆ. ನನ್ನ ಬೆನ್ನು ಬಗ್ಗಿತು, ಅಟ್ಟೆ ಬಗ್ಗಲಿಲ್ಲ. (ನನ್ನ ಅತ್ತೆಗೂ ಈ ಅಟ್ಟೆಗೂ ಒಂದೇ ಗುಣ. ಇದನ್ನು ಮಾರ್ಲಿಸ್‌ಗೆ ಹೇಳಿಲ್ಲ, ನೀವೂ ಹೇಳಬೇಡಿ.)

"ಇದೇ ಕೊಡಿ. ಹತ್ತನೇ ನಂಬರು."

"ಕಾಲು ಅಳೀರಿ ಅವನದ್ದು," ಎಂದಳು ಮಾರ್ಲಿಸ್ ಪಕ್ಕದಿಂದ.

"ಮದ್ವೆ ದಿನದಿಂದ ನಂದು ಹತ್ತೇ."

"ಮದ್ವೆ ದಿನ ನಿನ್ನ ಪ್ಯಾಂಟಿನ ನಂಬರೂ ಬೇರೆ ಇತ್ತು. ಎಲ್ಲ ಬೆಳೆದಿರೋವಾಗ ಕಾಲೊಂದು ಉಪವಾಸ ಕೂತಿತ್ತಾ?"

ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ಇಂಥ ಹೊತ್ತಿನಲ್ಲಿ ಗಂಡಸು ಹಿಂದೆಗೆಯಬಾರದು. ಹತ್ತರೊಳಗೆ ಕಾಲು ತೂರಿಸಿದೆ. ಬೆರಳುಗಳು ಮುಂದೆ ಒಂದಕ್ಕೊಂದು ಒತ್ತಿಕೊಂಡು ಕುಶಲ ಕೇಳಿದವು. "ತೊಗಲು ಕಾಲಿಗೆ ಹೊಂದ್ಕೊಳ್ಳುತ್ತೆ ಅಲ್ವಾ?" ಎಂದೆ. "ಪರ್ಫೆಕ್ಟ್ ಸಾರ್," ಎಂದ ಗಡ್ಡಧಾರಿ.

ನನ್ನ ವ್ಯಾಪಾರ ಕಾಫಿ ಆರುವುದರೊಳಗೆ ಮುಗಿಯಿತು. ಮಾರ್ಲಿಸಳದು ಮುಗಿಯಲೇ ಇಲ್ಲ. ಸಂಜೆಹೊತ್ತಿಗೆ ಪಾದ ಊದಿರುತ್ತದೆ, ಆಗ ಹಾಕಿ ನೋಡಿದರೇ ಸರಿ ಎಂದು ಅವಳು ಕಾದು ಕುಳಿತವಳು. ಬೇಟೆಗೆ ಹಾಕುವ ದಪ್ಪ ಉಣ್ಣೆಯ ಕಾಲುಚೀಲ ಮನೆಯಿಂದಲೇ ತಂದಿದ್ದಳು. ಅಂಗಡಿಯವರ ಬೆನ್ನುಚೀಲವೊಂದಕ್ಕೆ ಮರಳುಮೂಟೆ ತುಂಬಿಸಿ ಹೊತ್ತು, ಇಳಿಜಾರು ಹಲಗೆಯ ಮೇಲೆ ಹತ್ತಿದಳು, ಇಳಿದಳು. ಇಳಿಯುವಾಗ ಬೆರಳು ಮುಂದಕ್ಕೆ ತಗಲಿದರೆ ಆ ಜೋಡಿ ಆಚೆಗೆ. ಹತ್ತುವಾಗ ಹಿಮ್ಮಡಿ ಎದ್ದರೆ ಆ ಜೋಡಿ ಆಚೆಗೆ. ಹಲಗೆಯ ಅಂಚಿನಲ್ಲಿ ಪಾದದ ಒಂದು ಪಕ್ಕವನ್ನು ಮಾತ್ರ ಊರಿ ನಿಂತು, ಬೂಟು ಹೊರಳುತ್ತದೋ ಎಂದು ನೋಡಿದಳು. ಬೂಟು ಬಿಟ್ಟರೆ ಹುಡುಗಿಗೆ ಗಂಡು ನೋಡುವಾಗ ಮಾತ್ರ ಜನ ಇಷ್ಟು ಗುಮಾನಿ ಪಡುತ್ತಾರೆ. (ನನ್ನನ್ನು ನೋಡುವಾಗ ಅವಳು ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. ಆ ಅವಸರವನ್ನೇ ಈಗ ಸರಿದೂಗಿಸುತ್ತಿದ್ದಾಳೆಂದು ತೋರಿತು.)

ಕೊನೆಗೆ ಆರಿಸಿದ್ದು ಒಂದು ಕಂದು ಬೂಟು. ಕಾಲಿನ ಹರಡಿನ ಸುತ್ತ ಗಟ್ಟಿ, ಅಟ್ಟೆಯೂ ಗಟ್ಟಿಯೇ, ಆದರೆ ಬೆರಳಿನ ಬಳಿ ಚೂರು ಬಾಗುತ್ತದೆ.

"ಬಾಗುತ್ತಲ್ಲೇ ಅದು!" ಎಂದೆ ಕನಿಕರದಿಂದ.

"ನಡೆಯೋಕ್ಕೆ ತಗೊಂಡಿದೀನಿ ಎಲ್ಡನ್. ನಿಂತ್ಕೊಳ್ಳೋಕ್ಕಲ್ಲ."

ಹೊಸ ಬೂಟನ್ನು ಪಳಗಿಸಬೇಕು, ಇದು ಎಲ್ಲರಿಗೂ ಗೊತ್ತು. ಮರುದಿನದಿಂದಲೇ ಮನೆಯೊಳಗೆ ನನ್ನ ಪಳಗಿಸುವ ಕಾರ್ಯ ಪ್ರಾರಂಭವಾಯಿತು. ಬೆಳಿಗ್ಗೆ ಎದ್ದು ಬೂಟು ಕಟ್ಟಿದರೆ ಬಿಚ್ಚುವುದು ಹಾಸಿಗೆಯ ಬಳಿ. ಮಹಡಿಯ ಮೆಟ್ಟಿಲು ಹತ್ತಿ ಇಳಿದೆ. ಮರದ ನೆಲ ಗುಡುಗಿತು, ಅಲಮಾರಿನ ತಟ್ಟೆಗಳು ಕುಣಿದವು, ನಮ್ಮ ನಾಯಿ ತನ್ನ ಹಾಸನ್ನು ಕಚ್ಚಿಕೊಂಡು ಗ್ಯಾರೇಜಿಗೆ ಸಂಸಾರ ಬದಲಾಯಿಸಿತು.

"ಮನೇಲಿ ಕುದುರೆ ಕಟ್ಟಿದ ಹಾಗಾಗಿದೆ," ಎಂದಳು ಮಾರ್ಲಿಸ್. "ಕುದುರೆಯಾದ್ರೆ ರಾತ್ರಿ ನಿಂತ್ಕೊಂಡು ಸುಮ್ನೆ ಮಲಗುತ್ತೆ."

"ತಪಸ್ಸು ಕಣೇ ಇದು."

"ಕಾಲು ನೋಯ್ತಿದ್ಯಾ?"

"ಕಾಲಾ? ಉಕ್ಕು!"

ಭಾನುವಾರ ಚರ್ಚಿಗೂ ಅದನ್ನೇ ಹಾಕಿಕೊಂಡು ಹೋದೆ. ಪಾದ್ರಿಗಳು ಮೌನಪ್ರಾರ್ಥನೆ ಎಂದಾಗ ನಾನು ತಡವಾಗಿ ಒಳಗೆ ಬರುತ್ತಿದ್ದೆ. ನಾನು ನನ್ನ ಬೆಂಚು ಸೇರುವವರೆಗೆ ದೇವರಿಗೆ ಬೇರೆ ಏನೂ ಕೇಳಿಸಿರಲಾರದು. ವಾಪಸು ಬರುವಾಗ ನಮ್ಮ ಪಿಕಪ್ ಗಾಡಿಯ ಬ್ರೇಕು ಎಲ್ಲಿದೆಯೆಂದು ಅಟ್ಟೆಗೆ ಗೊತ್ತಾಗಲಿಲ್ಲ. ನೆರೆಮನೆಯ ವೆಂಡೆಲ್‌ನ ಅಂಚೆಪೆಟ್ಟಿಗೆಗೆ ಗೊತ್ತಾಯಿತು. ಕಂಬಸಮೇತ ಮಲಗಿದ ಪೆಟ್ಟಿಗೆಯ ಮುಂದೆ ನಿಂತು ವೆಂಡೆಲ್, "ಕುಡಿದಿದ್ದಾನಾ?" ಎಂದು ಕೇಳಿದ.

"ಇಲ್ಲ," ಎಂದಳು ಮಾರ್ಲಿಸ್. "ಬೂಟು ಹಾಕಿದ್ದಾನೆ."

ಅವಳು ತನ್ನ ಬೂಟನ್ನು ಯಾವಾಗ ಪಳಗಿಸಿದಳೋ ನನಗೆ ತಿಳಿಯಲಿಲ್ಲ. ಶಾಲೆಯ ಅಡುಗೆಮನೆಗೆ ಹಾಕಿಕೊಂಡು ಹೋಗುತ್ತಿದ್ದಳಂತೆ, ಸಂಜೆ ಊರಾಚೆಯ ಗುಡ್ಡ ಹತ್ತಿ ಬರುತ್ತಿದ್ದಳಂತೆ. ನಾನಾಗ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹಿಮ್ಮಡಿಯ ಬೊಬ್ಬೆಗಳಿಗೆ ಪಟ್ಟಿ ಅಂಟಿಸುತ್ತಿದ್ದೆ. ಬೊಬ್ಬೆಯೆಂದರೆ ಎಂಥವು! ಒಂದರ ಮೇಲೊಂದು, ಮಹಡಿಮನೆಯಂತೆ. ಆದರೆ ಒಮ್ಮೆ ಆಡಿದ ಮಾತು ಆಡಿದ್ದೇ. ಬೂಟು ಬಗ್ಗಲಿಲ್ಲ, ನಾನೂ ಬಗ್ಗಲಿಲ್ಲ.

ಸೆಪ್ಟೆಂಬರ್ ಕೊನೆಗೆ ಮಾರ್ಲಿಸ್ ಶಾಲೆಗೆ ರಜೆ ಹಾಕಿದಳು. ಬೆನ್ನುಚೀಲ ಹೊತ್ತು ಇಬ್ಬರೂ ಬಿಟರ್‌ರೂಟ್ ಬೆಟ್ಟದ ಕಾಲುದಾರಿ ಹಿಡಿದೆವು. ಮೊದಲ ದಿನವೆಲ್ಲ ಏರು. ಪ್ರತಿ ಹೆಜ್ಜೆಗೂ ನನ್ನ ಹಿಮ್ಮಡಿ ಬೂಟಿನೊಳಗೆ ಎದ್ದು ಕೂತು ಮಾಡುತ್ತಿತ್ತು. ನೋವನ್ನು ಮರೆಸಲು ಸೀಟಿ ಹಾಕಿದೆ.

"ಸೀಟಿ ಹಾಕ್ಬೇಡ. ಹೋತಕ್ಕೆ ಕೇಳ್ಸುತ್ತೆ," ಎಂದಳು. ಆಮೇಲೆ ಅಳುವುದೊಂದೇ ಉಳಿದಿತ್ತು. ಅದನ್ನು ಶಬ್ದವಿಲ್ಲದೆ ಮಾಡಿದೆ.

ಬಂಡೆಗೋಡೆಗಳ ಕೆಳಗಿನ ಪುಟ್ಟ ಕೊಳದ ಬಳಿ ಡೇರೆ ಹಾಕಿದೆವು. ಮರುದಿನ ಮಾರ್ಲಿಸ್ ಒಬ್ಬಳೇ ಬಂಡೆಗಳ ನಡುವೆ ಹತ್ತಿಹೋದಳು. ನಾನು ದುರ್ಬೀನು ಹಿಡಿದು ಕೆಳಗೆ ಕಾವಲು ಕೂತೆ. (ಬೂಟು ಬಿಚ್ಚಿದರೆ ಮತ್ತೆ ಕಾಲು ಒಳಗೆ ಹೋಗಲಾರದೆಂಬ ಭಯಕ್ಕೆ ರಾತ್ರಿ ಅದನ್ನು ಹಾಕಿಕೊಂಡೇ ಮಲಗಿದ್ದೆ. ಕೇಳಿದಾಗ ಕರಡಿ ಬಂದರೆ ಓಡೋಕ್ಕೆ ಎಂದೆ. ಓಡುವ ಸ್ಥಿತಿಯಲ್ಲಿದ್ದದ್ದು ಕರಡಿ ಮಾತ್ರ.) ಸಂಜೆ ಅವಳು ಬರಿಗೈಯಲ್ಲಿ ಬಂದಳು.

"ಒಂದಿತ್ತು. ಹತ್ರದಿಂದ ನೋಡ್ದೆ, ಹೆಣ್ಣು. ಮರಿ ಜೊತೇಲಿತ್ತು. ಬಿಟ್ಟುಬಂದೆ."

ಬೆಂಕಿಯ ಮುಂದೆ ಕೂತು ಕಡ್ಡಿಯಿಂದ ಕೆಂಡ ಕೆದಕಿದಳು. ಆಮೇಲೆ, "ಇನ್ನು ಈ ಜನ್ಮದಲ್ಲಿ ನಂಗೆ ಪರ್ಮಿಟ್ ಬರಲ್ಲ ಅಲ್ವಾ ಎಲ್ಡನ್?" ಎಂದಳು. ಆ ಧ್ವನಿಯನ್ನು ನಾನು ಹೆಚ್ಚು ಕೇಳಿದವನಲ್ಲ. ಅವಳಿಗೆ ಇದು ಇಷ್ಟು ಬೇಕಾಗಿತ್ತೆಂದು ಆಗ ತಿಳಿಯಿತು. "ನಾಳೆ ಸಿಗುತ್ತೆ ಬಿಡು" ಎಂದೆ. ಕಾಲಿನ ವಿಷಯ ಹೇಳಬೇಕೆಂದು ಬಾಯಿ ತೆರೆದವನು ಅದನ್ನು ಹೇಳದೆ ಮುಚ್ಚಿದೆ.

ಬೆಳಿಗ್ಗೆ ಮೋಡ ಕಪ್ಪಗೆ ಕೂತಿತ್ತು. ಹಿಮ ಬೀಳುವ ಸೂಚನೆ. ಹಿಮ ಬಿದ್ದರೆ ಆ ದಾರಿ ಮುಚ್ಚುತ್ತದೆ, ರಜೆಯೂ ಮುಗಿಯುತ್ತ ಬಂದಿತ್ತು. ಮಾರ್ಲಿಸ್ ಆಕಾಶ ನೋಡಿದಳು, ಬಂಡೆ ನೋಡಿದಳು, "ಇಳಿಯೋಣ" ಎಂದು ಡೇರೆ ಮಡಚಿದಳು.

ಇಳಿಜಾರಿನಲ್ಲಿ ನನ್ನ ನಿಜವಾದ ಕರ್ಮಕಾಂಡ ಶುರುವಾಯಿತು. ಹೆಜ್ಜೆ ಇಟ್ಟಾಗಲೆಲ್ಲ ಹತ್ತೂ ಬೆರಳು ಬೂಟಿನ ಮೂತಿಗೆ ಹೋಗಿ ಢಿಕ್ಕಿ ಹೊಡೆಯುತ್ತಿದ್ದವು. ಕಣ್ಣಲ್ಲಿ ನಕ್ಷತ್ರ. ಕೊನೆಗೆ ಒಂದು ಉಪಾಯ ಹೊಳೆಯಿತು. ತಿರುಗಿ, ಬೆಟ್ಟಕ್ಕೆ ಮುಖ ಮಾಡಿ, ಹಿಂದು ಹಿಂದಕ್ಕೆ ಇಳಿಯತೊಡಗಿದೆ. ಸ್ವರ್ಗ! ಮಾರ್ಲಿಸ್ ಒಮ್ಮೆ ಹಿಂತಿರುಗಿ ನೋಡಿದವಳು ನಿಂತುಬಿಟ್ಟಳು.

"ಏನೋ ಅದು?"

"ನಾನು ಬೆಟ್ಟಕ್ಕೆ ಬೆನ್ನು ತೋರ್ಸೋನಲ್ಲ."

"ಕಾಲು ತೋರ್ಸು."

"ಕಾಲಿಗೇನಾಗಿದೆ? ಕಾಲು—"

ಮಾತು ಅಲ್ಲಿಗೇ ನಿಂತಿತು. ಮೇಲೆ, ನಾವು ಎರಡು ದಿನ ಕಣ್ಣು ನೆಟ್ಟು ನೋಡಿದ ಗೋಡೆಯ ಬಲಮೂಲೆಯಲ್ಲಿ, ಹಿಮದ ತುಣುಕೊಂದು ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು.

"ಮಾರ್ಲಿಸ್, ಹಿಮಕ್ಕೆ ಕೊಂಬಿರುತ್ತಾ?"

ಅವಳು ದುರ್ಬೀನು ಎತ್ತಿದಳು. "ಹೋತ. ದಪ್ಪ ಬುಡದ ಕೊಂಬು. ಒಂಟಿ. ಎಲ್ಡನ್, ಅದು ನಿನ್ನನ್ನೇ ನೋಡ್ತಿದೆ. ಅಲ್ಲೇ ನಿಂತ್ಕೊ. ಅಲ್ಲಾಡಬೇಡ, ಕೂತ್ಕೊಬೇಡ. ಅದರ ಕಣ್ಣು ನಿನ್ನ ಮೇಲಿರೋವಷ್ಟು ಹೊತ್ತು ನಾನು ಸುತ್ತಿ ಮೇಲೆ ಹೋಗ್ತೀನಿ."

ಹೀಗೆ ನಾನು ನಿಂತೆ. ಮಾರ್ಲಿಸ್ ಕಲ್ಲುರಾಶಿಯ ಪಕ್ಕೆಯಲ್ಲಿ ಅಡ್ಡಡ್ಡ ಹೋದಳು. ಬೂಟಿನ ಅಂಚನ್ನು ಕಚ್ಚಿಸಿ, ಒಂದು ಕಲ್ಲೂ ಉರುಳದಂತೆ ಹೆಜ್ಜೆ ಇಡುತ್ತಿದ್ದಳು. ಆಮೇಲೆ ಬಂಡೆಯ ಹಿಂದೆ ಮರೆಯಾದಳು. ಉಳಿದದ್ದು ನಾನು ಮತ್ತು ಹೋತ. ಇಬ್ಬರಿಗೂ ಗಡ್ಡವಿತ್ತು. ಅದರ ಮುಖದಲ್ಲಿ, ಇಂಥ ಪ್ರಾಣಿಯನ್ನು ಈ ಬೆಟ್ಟದಲ್ಲಿ ಹಿಂದೆ ಕಂಡಿಲ್ಲವಲ್ಲ ಎಂಬ ಭಾವ. ಗಾಳಿ ಬೀಸಿತು, ಮೂಗು ತುರಿಸಿತು, ಬೊಬ್ಬೆ ಉರಿಯಿತು. ಮಿಸುಕಲಿಲ್ಲ. ಆ ಹೊತ್ತಿನಲ್ಲಿ ನನ್ನ ಬೂಟು ನನ್ನನ್ನು ಕಂಬದಂತೆ ಹಿಡಿದು ನಿಲ್ಲಿಸಿತೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ನಿಂತುಕೊಳ್ಳುವುದಕ್ಕೆ ಅದರಂಥ ಬೂಟಿಲ್ಲ.

ಒಂದೇ ಗುಂಡು. ಹೋತ ನಿಂತಲ್ಲೇ ಮಂಡಿಯೂರಿ, ಕಾಲಡಿಯ ಚಪ್ಪಟೆ ಬಂಡೆಯ ಮೇಲೇ ಒರಗಿತು. ಉರುಳಿ ಪ್ರಪಾತಕ್ಕೆ ಬೀಳಲಿಲ್ಲ.

ನಾನು ಹತ್ತಿಹೋಗುವಷ್ಟರಲ್ಲಿ ಮಾರ್ಲಿಸ್ ಅದರ ಪಕ್ಕದಲ್ಲಿ ಕೂತು ಕುತ್ತಿಗೆಯ ಬಿಳಿಯ ಕೂದಲ ಮೇಲೆ ಅಂಗೈ ಇಟ್ಟಿದ್ದಳು. ಕಣ್ಣು ಒದ್ದೆಯಾಗಿತ್ತು. "ಅಪ್ಪ ಇದ್ದಿದ್ರೆ..." ಎಂದಳು, ಅಷ್ಟೇ. ನಾನೂ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ, "ನೋಡಿದ್ದು ಯಾರು ಮೊದ್ಲು?" ಎಂದು ಕೇಳಿದೆ.

"ನೀನೇ. ಅದಿರ್ಲಿ, ಮೊದ್ಲು ಚಾಕು ಕೊಡು."

ಮಾಂಸ ಬಿಡಿಸಿ, ಬಿಳಿ ಬಟ್ಟೆಯ ಚೀಲಗಳಲ್ಲಿ ತುಂಬಿದೆವು. ಅರ್ಧ ನನ್ನ ಬೆನ್ನಿಗೆ ಹೇರಿಸಿಕೊಂಡೆ. ಬೇಡವೆಂದಳು, ಕೇಳಲಿಲ್ಲ. ಕತ್ತಲಾಗುವ ಮುಂಚೆ ಕಾಲುದಾರಿಯ ತನಕ ಹೇಗೆ ಮುಟ್ಟಿದೆನೋ ಆ ಬೆಟ್ಟಕ್ಕೇ ಗೊತ್ತು. ಅಲ್ಲಿ ಒಂದು ಮರದ ದಿಮ್ಮಿಯ ಮೇಲೆ ಕೂತೆ. ಕೂತವನು ಏಳಲಿಲ್ಲ.

ಮಾರ್ಲಿಸ್ ಬಂದು ಮಂಡಿಯೂರಿ ನನ್ನ ಬೂಟಿನ ದಾರ ಬಿಚ್ಚಿದಳು. ಎಡಗಾಲಿನದು ಬರಲು ಇಬ್ಬರೂ ಸೇರಿ ಎಳೆಯಬೇಕಾಯಿತು. ಒಳಗಿಂದ ಬಂದದ್ದನ್ನು ಊಟದ ಹೊತ್ತಿನಲ್ಲಿ ಓದುವವರಿಗಾಗಿ ನಾನಿಲ್ಲಿ ವರ್ಣಿಸುವುದಿಲ್ಲ. ಅವಳು ನೋಡಿದಳು. ಬೈಯುತ್ತಾಳೆಂದು ಕಾದೆ.

"ಇಷ್ಟು ದಿನ ಇದರ ಮೇಲೆ ನಡೆದ್ಯಾ?"

"ನಿನ್ನ ಹೋತ ತಪ್ಪಬಾರದಿತ್ತು."

ಅವಳು ಮುಖ ಆಚೆ ತಿರುಗಿಸಿ, ಮಾಂಸ ತುಂಬಿ ಮಿಕ್ಕಿದ್ದ ಬಿಳಿ ಚೀಲವೊಂದನ್ನು ಹರಿದು ನನ್ನ ಎರಡು ಕಾಲಿಗೂ ಸುತ್ತಿದಳು. "ಹನ್ನೊಂದನೇ ನಂಬರು ತಗೊಂಡಿದ್ರೆ ಸಾಕಿತ್ತಲ್ಲೋ ಪುಣ್ಯಾತ್ಮ," ಎಂದಳು. ಅಷ್ಟು ಮೃದುವಾಗಿ ಅವಳು ಬೈದದ್ದು ಅದೇ ಮೊದಲು.

ರಾತ್ರಿಯನ್ನು ಅಲ್ಲೇ ಡೇರೆಯಲ್ಲಿ ಕಳೆದೆವು. ಬೆಳಗಾದಮೇಲೆ ನಮ್ಮ ಪುಣ್ಯಕ್ಕೆ ಮೇಲಿನಿಂದ ಹೋಬರ್ಟ್ ಬಂದ. ಬೇಟೆಗಾರರ ಸಾಮಾನು ಸಾಗಿಸುವ ಮುದುಕ. ಹಿಂದೆ ಹಗ್ಗದಲ್ಲಿ ಕಟ್ಟಿದ ಹೇಸರಗತ್ತೆಗಳ ಸಾಲು. ಎಲ್ಲದರ ಮೇಲೂ ಹೊರೆ, ಕೊನೆಯದು ಮಾತ್ರ ಖಾಲಿ.

"ಏನ್ ತಾಯಿ, ದೊಡ್ಡ ಹೋತ! ಶಭಾಷ್!" ಎಂದ. ನನ್ನ ಕಾಲು ನೋಡಿ, "ಇವ್ರಿಗೇನಾಯ್ತು?"

"ಹೊಸ ಬೂಟು."

"ಓ," ಎಂದು ಟೋಪಿ ತೆಗೆದ, ಸಾವಿನ ಮನೆಯಲ್ಲಿ ತೆಗೆಯುವ ಹಾಗೆ. "ಒಂದೇ ಕತ್ತೆ ಖಾಲಿ ಇರೋದು ತಾಯಿ. ಮಾಂಸ ಹೇರ್ಲಾ, ಇವ್ರನ್ನ ಹೇರ್ಲಾ?"

ಮಾರ್ಲಿಸ್ ಮಾಂಸದ ಚೀಲಗಳನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಚೀಲಗಳನ್ನು ನೋಡಿದಳು.

"ಯೋಚ್ನೆ ಮಾಡೋಕ್ಕೆ ಇದ್ರಲ್ಲಿ ಏನಿದ್ಯೇ?" ಎಂದೆ.

"ತಡಿ. ಮಾಂಸ ಕೆಡುತ್ತೆ, ನೀನು ಕೆಡಲ್ಲ."

"ಮಾರ್ಲಿಸ್!"

"ಇವನನ್ನೇ ಹೇರಪ್ಪ," ಎಂದಳು ನಗು ತಡೆದು. "ತಲೆ, ಚರ್ಮ, ಒಂದು ತೊಡೆ ನಾನು ಹೊರ್ತೀನಿ. ಉಳಿದಿದ್ದು ನಿನ್ನ ಬೇರೆ ಕತ್ತೆಗಳ ಮೇಲೆ ಚೂರು ಚೂರು ಹೊಂದ್ಸು."

ನಾನು ಕೊನೆಯ ಹಟ ಹಿಡಿದೆ. ಗಂಡಸಾಗಿ ಹೆಂಡತಿ ನಡೆಯುವಾಗ ಕತ್ತೆಯ ಮೇಲೆ ಕೂತು ಹೋಗುವುದೇ? ನಡೆಯುತ್ತೇನೆಂದು ಎದ್ದು ಬೂಟಿಗೆ ಕಾಲು ತೂರಿಸಲು ನೋಡಿದೆ. ಬಟ್ಟೆ ಸುತ್ತಿದ ಕಾಲು ಬೂಟಿನ ಬಾಯಿಯನ್ನೂ ದಾಟಲಿಲ್ಲ. ಹೋಬರ್ಟ್ ಹೊರೆ ಹೇರುವವರ ಸಹಜ ಚಾಕಚಕ್ಯತೆಯಿಂದ ನನ್ನನ್ನು ಕಂಕುಳಲ್ಲಿ ಹಿಡಿದು ಎತ್ತಿ ಕೂರಿಸಿದ. ಅದು ಹೊರೆಯ ಜೀನು, ಕಾಲಿಡಲು ಏನೂ ಇಲ್ಲ, ಹಿಡಿಯಲು ಮರದ ಕವಲು ಮಾತ್ರ. ಬೀಳದಿರಲೆಂದು ಸೊಂಟಕ್ಕೊಂದು ಹಗ್ಗ ಬಿಗಿದ. ಅಷ್ಟರಲ್ಲಿ ಹಿಮಮಳೆ ಶುರುವಾಯಿತು. ಸಾಮಾನು ಮುಚ್ಚುವ ಬಿಳಿಯ ಕ್ಯಾನ್ವಾಸನ್ನು ತಲೆಯಿಂದ ಮೊದಲ್ಗೊಂಡು ನನ್ನ ಮೇಲೆ ಎಳೆದು, ಅಂಚನ್ನು ಸಿಕ್ಕಿಸಿದ. ಹೊರಗೆ ಕಾಣುತ್ತಿದ್ದದ್ದು ಬಿಳಿಬಟ್ಟೆ ಸುತ್ತಿದ ಎರಡು ಪಾದ ಮಾತ್ರ.

ದಾರಿಯುದ್ದಕ್ಕೂ ಮುಂದುಗಡೆ ಮಾರ್ಲಿಸಳ ಧ್ವನಿ ಕೇಳುತ್ತಿತ್ತು. ಬೂಟು ಹೇಗೆ ಆರಿಸಬೇಕೆಂದು ಹೋಬರ್ಟ್‌ಗೆ ಹೇಳುತ್ತಿದ್ದಳು. ಎಲ್ಲಿ ಗಟ್ಟಿಯಿರಬೇಕು, ಎಲ್ಲಿ ಬಾಗಬೇಕು, ಬೆರಳಿಗೆ ಎಷ್ಟು ಜಾಗ ಬೇಕು. ಮುದುಕ ಹೂಂಗುಟ್ಟುತ್ತಿದ್ದ. ನಾನು ಕ್ಯಾನ್ವಾಸಿನೊಳಗೆ ಕೂತು ಎಲ್ಲವನ್ನೂ ಒಪ್ಪಿದೆ. ಯಾರೂ ನೋಡದಿರುವಾಗ ಒಪ್ಪಿಕೊಳ್ಳಲು ನನಗೆ ಅಡ್ಡಿಯಿಲ್ಲ.

ದಾರಿ ಮುಗಿಯುವಲ್ಲಿ, ವಾಹನಗಳು ನಿಲ್ಲುವ ಬಯಲಲ್ಲಿ, ಬೇಟೆ ಇಲಾಖೆಯ ಅಧಿಕಾರಿಯೊಬ್ಬ ತಪಾಸಣೆಗೆ ನಿಂತಿದ್ದ. ಕ್ಯಾನ್ವಾಸಿನ ಸಂದಿಯಿಂದ ಅವನ ಬೂಟು ಮಾತ್ರ ನನಗೆ ಕಾಣುತ್ತಿತ್ತು. ಮಾರ್ಲಿಸಳ ಪರ್ಮಿಟ್ ನೋಡಿದ, ಕೊಂಬು ಅಳೆದ, "ಅಪರೂಪದ ಹೋತ ಮೇಡಂ, ಅಭಿನಂದನೆ" ಎಂದ. ಆಮೇಲೆ ಕತ್ತೆಗಳ ಸಾಲನ್ನು ನೋಡುತ್ತ ನಡೆದುಬಂದ. ಹೆಜ್ಜೆ ಕೊನೆಯ ಕತ್ತೆಯ ಬಳಿ ನಿಂತಿತು. ಧ್ವನಿ ಬದಲಾಯಿತು.

"ಪರ್ಮಿಟ್ ಒಂದಕ್ಕೆ ತಾನೇ ಮೇಡಂ? ಈ ಬಿಳೀದು ಎರಡನೇದು ಯಾವ್ದು?"

ತಲೆ ಹೊರಹಾಕಿ ನನ್ನ ಪರಿಚಯ ಹೇಳಿಕೊಳ್ಳಲು ನಾನು ಕ್ಯಾನ್ವಾಸಿನ ಅಂಚನ್ನು ತಡಕಾಡುತ್ತಿದ್ದೆ. ಅಷ್ಟರಲ್ಲಿ ಮಾರ್ಲಿಸ್ ಬೆನ್ನಿನ ಹೊರೆಯನ್ನು ಸರಿಮಾಡಿಕೊಳ್ಳುತ್ತ, ನಿರುಮ್ಮಳವಾಗಿ ಹೇಳಿದಳು:

"ಅದು ಕಾಡಿಂದಲ್ಲ ಸಾರ್. ಸಾಕಿದ್ದು."